ಮೆಖೆಲೆನ್: ಗಂಟೆಗಳ ಊರಿನಲ್ಲಿ ನೋಟ, ಊಟ

ಬೆಲ್ಜಿಯಂನ ರಾಜಧಾನಿ ಬ್ರಸೆಲ್ಸ್‌ಗೂ ಬಂದರು ನಗರ ಆಂಟ್‌ವರ್ಪ್‌ಗೂ ನಡುವೆ, ಡೈಲೆ ನದಿಯ ದಡದಲ್ಲಿ ಮೆಖೆಲೆನ್ ಇದೆ. ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟದ ಊರು. ಎರಡೂ ನಗರಗಳಿಂದ ರೈಲಿನಲ್ಲಿ ಅರ್ಧ ಗಂಟೆಯೊಳಗೆ ತಲುಪಬಹುದು. ಬೆಲ್ಜಿಯಂಗೆ ಬರುವ ಪ್ರವಾಸಿಗರಲ್ಲಿ ಹೆಚ್ಚಿನವರು ಬ್ರೂಜ್ ಕಡೆಗೆ ಹೊರಟುಬಿಡುವುದರಿಂದ ಇಲ್ಲಿನ ಬೀದಿಗಳು ಇನ್ನೂ ಊರಿನವರ ಕೈಯಲ್ಲೇ ಉಳಿದಿವೆ. ಚೌಕದ ಕಾಫಿ ಅಂಗಡಿಯಲ್ಲಿ ಕೂತವರು, ಶನಿವಾರದ ಸಂತೆಯಲ್ಲಿ ತರಕಾರಿ ಆರಿಸುವವರು ಬಹುಪಾಲು ಇಲ್ಲಿಯವರೇ. ಹಳೆಯ ಊರೊಂದನ್ನು ಅದರ ದಿನನಿತ್ಯದ ಬಾಳಿನೊಂದಿಗೆ ಸೇರಿಸಿ ನೋಡಬೇಕೆನ್ನುವವರಿಗೆ ಬ್ರೂಜ್‌ಗಿಂತ ಮೆಖೆಲೆನ್ ಹೆಚ್ಚು ಒಗ್ಗುತ್ತದೆ.

ಇಷ್ಟು ಚಿಕ್ಕ ಊರಿನಲ್ಲಿ ಇಷ್ಟು ದೊಡ್ಡ ಕಟ್ಟಡಗಳೇಕೆ ಎಂಬ ಪ್ರಶ್ನೆ ಬಂದವರಿಗೆಲ್ಲ ಏಳುತ್ತದೆ. ಉತ್ತರ ಚರಿತ್ರೆಯಲ್ಲಿದೆ. ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ 1473ರಲ್ಲಿ ತನ್ನ ತಗ್ಗುನಾಡುಗಳ (ಇಂದಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಸುತ್ತಿನ ಪ್ರದೇಶದ) ಉಚ್ಚ ನ್ಯಾಯಾಲಯವನ್ನು ಇಲ್ಲಿ ನೆಲೆಗೊಳಿಸಿದ. 1507ರಲ್ಲಿ ರಾಜಪ್ರತಿನಿಧಿಯಾಗಿ ಬಂದ ಆಸ್ಟ್ರಿಯಾದ ಮಾರ್ಗರೆಟ್ ತನ್ನ ಆಸ್ಥಾನವನ್ನು ಇಲ್ಲೇ ಕಟ್ಟಿಕೊಂಡಳು. ಮುಂದೆ ಯುರೋಪಿನ ಅರ್ಧವನ್ನೇ ಆಳಿದ ಐದನೇ ಚಾರ್ಲ್ಸ್ ಬಾಲ್ಯ ಕಳೆದದ್ದು ಈ ಸೋದರತ್ತೆಯ ಆಸರೆಯಲ್ಲಿ. ಇಂಗ್ಲೆಂಡಿನ ರಾಣಿಯಾಗಲಿದ್ದ ಆ್ಯನ್ ಬೊಲಿನ್ ಕೂಡ ಹುಡುಗಿಯಾಗಿದ್ದಾಗ, 1513ರಲ್ಲಿ, ಇದೇ ಆಸ್ಥಾನಕ್ಕೆ ಬಂದಿದ್ದಳು. ಮಾರ್ಗರೆಟ್ 1530ರಲ್ಲಿ ತೀರಿಕೊಂಡ ಮೇಲೆ ಆಸ್ಥಾನ ಬ್ರಸೆಲ್ಸ್‌ಗೆ ಹೋಯಿತು. ರಾಜಧಾನಿಯ ಪಟ್ಟ ತಪ್ಪಿದ್ದರಿಂದ ಮೆಖೆಲೆನ್ ಬ್ರಸೆಲ್ಸ್‌ನಂತೆ ಬೆಳೆಯಲಿಲ್ಲ. ಆಗಿನ ಬೀದಿಗಳ ಅಳತೆಯೇ ಇಂದಿಗೂ ಊರಿನ ನಡುಭಾಗದ ಅಳತೆ.

ರೈಲು ನಿಲ್ದಾಣದ ಕಥೆಯೂ ಸಣ್ಣದಲ್ಲ. ಬೆಲ್ಜಿಯಂನಲ್ಲಿ ಪ್ರಯಾಣಿಕರನ್ನು ಹೊತ್ತ ಮೊದಲ ಉಗಿಬಂಡಿಗಳು 1835ರ ಮೇ 5ರಂದು ಬ್ರಸೆಲ್ಸ್‌ನಿಂದ ಹೊರಟು ಬಂದು ನಿಂತದ್ದು ಮೆಖೆಲೆನ್‌ನಲ್ಲಿ. ಈಗ ಬ್ರಸೆಲ್ಸ್ ವಿಮಾನ ನಿಲ್ದಾಣದಿಂದಲೂ ಇಲ್ಲಿಗೆ ನೇರ ರೈಲುಗಳಿವೆ. ಬ್ರಸೆಲ್ಸ್‌ನ ಫಲಕಗಳಲ್ಲಿ ಫ್ರೆಂಚ್ ಹೆಸರಾದ ‘ಮಾಲಿನ್’ ಕೂಡ ಕಾಣುತ್ತದೆ. ಅದೂ ಇದೇ ಊರು.

ನಿಲ್ದಾಣದಿಂದ ಕಾಲು ಗಂಟೆ ನಡೆದರೆ ಊರಿನ ನಡುಚೌಕ, ಗ್ರೋಟೆ ಮಾರ್ಕ್ಟ್. ಅಲ್ಲಿ ಸಂತ ರುಂಬೋಲ್ಡ್ ಕೆಥೆಡ್ರಲ್‌ನ ಗೋಪುರ ಕಣ್ಣು ತುಂಬುತ್ತದೆ. 1452ರಲ್ಲಿ ಆರಂಭವಾದ ಈ ಗೋಪುರವನ್ನು 167 ಮೀಟರ್ ಎತ್ತರಿಸುವ ಉದ್ದೇಶವಿತ್ತು. 1520ರ ಹೊತ್ತಿಗೆ ಕೆಲಸ ನಿಂತಾಗ ಮೇಲೆದ್ದಿದ್ದು 97 ಮೀಟರ್. ಚೂಪು ತುದಿಯಿಲ್ಲದೆ, ಚೌಕಾಕಾರದಲ್ಲೇ ನಿಂತುಹೋದ ಈ ನೆತ್ತಿಯಿಂದಾಗಿಯೇ ಅದಕ್ಕೆ ಬೇರೆಲ್ಲೂ ಕಾಣದ ಗಾಂಭೀರ್ಯ ಬಂದಿದೆ. ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಗೋಪುರ ಹತ್ತಲು 538 ಮೆಟ್ಟಿಲು. ಸುರುಳಿ ಮೆಟ್ಟಿಲು ಕಿರಿದಾಗಿದ್ದರೂ ದಾರಿಯಲ್ಲಿ ಉಸಿರು ತೆಗೆದುಕೊಳ್ಳಲು ಕೋಣೆಗಳಿವೆ, ಪ್ರತಿಯೊಂದರಲ್ಲೂ ನೋಡಲು ಏನಾದರೊಂದು ಇದೆ. ಒಂದರಲ್ಲಿ ಮರದ ದೊಡ್ಡ ಚಕ್ರ: ಮನುಷ್ಯರು ಅದರೊಳಗೆ ನಡೆದು ಚಕ್ರ ತಿರುಗಿಸಿದರೆ ಹಗ್ಗ ಸುತ್ತಿಕೊಂಡು ಭಾರ ಮೇಲೇರುತ್ತಿತ್ತು. ತುದಿಯಲ್ಲಿ ಗಾಜಿನ ತಡೆಯುಳ್ಳ ಕಾಲುದಾರಿ. ತಿಳಿಯಾದ ದಿನ ಒಂದು ಕಡೆ ಬ್ರಸೆಲ್ಸ್‌ನ ಆಟೋಮಿಯಂ ಸ್ಮಾರಕ, ಇನ್ನೊಂದು ಕಡೆ ಆಂಟ್‌ವರ್ಪ್ ಬಂದರು ಕಾಣುತ್ತದೆ. ಮಂಡಿನೋವಿನವರು ಹತ್ತದಿರುವುದು ಒಳ್ಳೆಯದು. ಅವರು ಕೆಥೆಡ್ರಲ್ ಒಳಗೆ ವ್ಯಾನ್ ಡೈಕ್ ಬರೆದ ಶಿಲುಬೆಯ ಚಿತ್ರವನ್ನು ಸಾವಕಾಶವಾಗಿ ನೋಡಬಹುದು.

ಈ ಗೋಪುರದ ಜೀವಾಳ ಕ್ಯಾರಿಲಾನ್ ಎಂಬ ವಾದ್ಯ. ಸ್ವರಕ್ಕೊಂದರಂತೆ ಶ್ರುತಿಗೊಳಿಸಿದ ಕಂಚಿನ ಗಂಟೆಗಳ ಸಾಲು ಅದು. ಇಲ್ಲಿ ಅಂಥವು ಎರಡಿವೆ, ಒಂದೊಂದರಲ್ಲೂ 49 ಗಂಟೆ. ಗಂಟೆಗಳು ತೂಗುವುದಿಲ್ಲ, ಇದ್ದಲ್ಲೇ ಇರುತ್ತವೆ. ವಾದಕ ಮರದ ಪೀಠದ ಮೇಲೆ ಕೂತು, ಹಾರ್ಮೋನಿಯಂ ಮನೆಗಳ ಬದಲಿಗಿರುವ ದುಂಡು ಮರದ ಹಿಡಿಗಳನ್ನು ಮಡಿಸಿದ ಮುಷ್ಟಿಯಿಂದ ಒತ್ತುತ್ತಾನೆ, ಭಾರದ ಗಂಟೆಗಳಿಗೆ ಕಾಲುಮಣೆ ತುಳಿಯುತ್ತಾನೆ. ಹಿಡಿಯಿಂದ ಹೊರಟ ತಂತಿ ಗಂಟೆಯ ನಾಲಗೆಯನ್ನು ಎಳೆದು ಬಡಿಸುತ್ತದೆ. ಮೃದುವಾಗಿ ಒತ್ತಿದರೆ ಮೃದು ನಾದ, ಗುದ್ದಿದರೆ ಗಟ್ಟಿ ನಾದ. ಇಷ್ಟು ದೊಡ್ಡ ವಾದ್ಯದಲ್ಲೂ ಬೆರಳ ತುದಿಯ ಸೂಕ್ಷ್ಮ ಉಳಿಯುವುದು ಹೀಗೆ.

ಊರಿನ ವಾದಕ ಜೆಫ್ ಡೆನೈನ್ 1892ರಲ್ಲಿ ಬೇಸಿಗೆಯ ಸೋಮವಾರ ಸಂಜೆಗಳ ಕಛೇರಿಗಳನ್ನು ಆರಂಭಿಸಿದರು. 1922ರಲ್ಲಿ ಜಗತ್ತಿನ ಮೊದಲ ಕ್ಯಾರಿಲಾನ್ ಶಾಲೆಯೂ ಅವರಿಂದಲೇ ಇಲ್ಲಿ ತೆರೆಯಿತು. ಇಂದಿಗೂ ದೇಶವಿದೇಶಗಳ ವಿದ್ಯಾರ್ಥಿಗಳು ಈ ವಿದ್ಯೆ ಕಲಿಯಲು ಇಲ್ಲಿಗೇ ಬರುತ್ತಾರೆ. ಸೋಮವಾರದ ಕಛೇರಿಗಳು ಈಗಲೂ ನಡೆಯುತ್ತಿವೆ. ಟಿಕೆಟ್ಟಿನ ಗೊಡವೆಯಿಲ್ಲದೆ ಇಡೀ ಊರಿಗೆ ಕೇಳಿಸುವ ಇಂಥ ಸಂಗೀತವನ್ನು ನೂರು ವರ್ಷಕ್ಕೂ ಮೀರಿ ನಡೆಸಿಕೊಂಡು ಬಂದಿರುವುದು ದೊಡ್ಡ ಮಾತು.

ಗೋಪುರದ ಬಗ್ಗೆ ಒಂದು ತಮಾಷೆಯ ಕಥೆಯೂ ಇದೆ. 1687ರ ಜನವರಿಯ ಒಂದು ರಾತ್ರಿ, ಹೆಂಡದಂಗಡಿಯಿಂದ ಹೊರಬಿದ್ದವನೊಬ್ಬ ಗೋಪುರದ ಕಿಟಕಿಗಳಲ್ಲಿ ಕೆಂಬೆಳಕು ಕಂಡು ಬೆಂಕಿ ಬೆಂಕಿ ಎಂದು ಕೂಗಿದನಂತೆ. ಊರಿಗೆ ಊರೇ ಬಕೆಟ್ ಹಿಡಿದು ಮೆಟ್ಟಿಲು ಹತ್ತಿತು. ಮಂಜು ಸರಿದಾಗ ನೋಡಿದರೆ ಅದು ಚಂದ್ರ. ನೆರೆಯೂರಿನವರು ಅಂದಿನಿಂದ ಇವರನ್ನು ‘ಮಾನೆಬ್ಲುಸರ್ಸ್’, ಚಂದ್ರನಿಗೆ ನೀರು ಹಾಕಿದವರು ಎಂದು ಕರೆಯುತ್ತಾರೆ. ಊರಿನವರು ಅದನ್ನು ಹೆಮ್ಮೆಯಿಂದ ಒಪ್ಪಿಕೊಂಡು ಒಂದು ಬಿಯರಿಗೂ ಅದೇ ಹೆಸರಿಟ್ಟಿದ್ದಾರೆ.

ಉಳಿದ ಊರನ್ನು ಕಾಲ್ನಡಿಗೆಯಲ್ಲೇ ನೋಡಬೇಕು. ಮಾರ್ಗರೆಟ್‌ಳ ಅರಮನೆ ಇಂದು ನ್ಯಾಯಾಲಯ. ಹಾಫ್ ವಾನ್ ಬಸ್ಲೇಡೆನ್ ವಸ್ತುಸಂಗ್ರಹಾಲಯದಲ್ಲಿ 16ನೇ ಶತಮಾನದ ‘ಮುಚ್ಚಿದ ತೋಟ’ಗಳಿವೆ: ಆಸ್ಪತ್ರೆಯ ಸನ್ಯಾಸಿನಿಯರು ಮರದ ಪೆಟ್ಟಿಗೆಗಳೊಳಗೆ ರೇಷ್ಮೆಯ ಹೂಗಳು, ಪುಟ್ಟ ಮರದ ವಿಗ್ರಹಗಳು, ಬಟ್ಟೆ ಸುತ್ತಿದ ಸಂತರ ಮೂಳೆಚೂರುಗಳು, ಮೇಣದ ಪದಕಗಳನ್ನು ಒತ್ತೊತ್ತಾಗಿ ಜೋಡಿಸಿ ಮಾಡಿದ ಸ್ವರ್ಗದ ತೋಟಗಳು. ಇಡೀ ಮೆಖೆಲೆನ್‌ನಲ್ಲಿ ಒಂದೇ ವಸ್ತುವನ್ನು ನೋಡಲು ಸಮಯವಿದ್ದರೆ ಇವನ್ನೇ ನೋಡಬೇಕು. ನದಿಯ ಹಾವರ್‌ವರ್ಫ್ ದಡದಲ್ಲಿ ಮೂರು ಹಳೆಯ ಮನೆಗಳು ಸಾಲಾಗಿ ನಿಂತಿವೆ. ಒಂದರ ಮೇಲೆ ಮರದ ದೆವ್ವಗಳು, ಇನ್ನೊಂದರ ಮೇಲೆ ಆ್ಯಡಮ್ ಮತ್ತು ಈವ್. ಅಲ್ಲಿಂದ ನೀರಿನ ಮೇಲೇ ಹಾಕಿದ ಹಲಗೆಯ ಕಾಲುದಾರಿ ಸಸ್ಯೋದ್ಯಾನದ ಕಡೆಗೆ ಹೋಗುತ್ತದೆ. ಸಸ್ಯವಿಜ್ಞಾನಿ ಡೋಡೋನ್ಸ್ 1517ರಲ್ಲಿ ಹುಟ್ಟಿದ್ದು ಈ ಊರಿನಲ್ಲಿ.

ಊರಿನ ಇನ್ನೊಂದು ತುದಿಯ ಡೊಸಿನ್ ಬ್ಯಾರಕ್ಸ್ ಬೇರೆಯೇ ಮನಸ್ಸಿನಿಂದ ಹೋಗಬೇಕಾದ ಜಾಗ. 1942ರಿಂದ 1944ರವರೆಗೆ ನಾಜಿಗಳು ಬೆಲ್ಜಿಯಂನ ಯಹೂದಿ ಮತ್ತು ರೋಮಾ ಜನರನ್ನು ಇಲ್ಲಿ ಕೂಡಿಹಾಕಿ, 25 ಸಾವಿರಕ್ಕೂ ಹೆಚ್ಚು ಮಂದಿಯನ್ನು ರೈಲಿನಲ್ಲಿ ಸಾಗಿಸಿದರು. ಬಹುತೇಕರು ಹೋದದ್ದು ಆಶ್ವಿಟ್ಸ್‌ಗೆ. ಮರಳಿದವರು ನೂರಕ್ಕೆ ಐದರಷ್ಟು. ಎದುರಿಗೆ 2012ರಲ್ಲಿ ತೆರೆದ ವಸ್ತುಸಂಗ್ರಹಾಲಯದ ಒಂದು ಗೋಡೆಯ ತುಂಬ, ಮಹಡಿಯಿಂದ ಮಹಡಿಗೆ, ಅವರ ಭಾವಚಿತ್ರಗಳಿವೆ. ಇದಕ್ಕೆ ಅರ್ಧ ದಿನ ಬೇಕು. ಇದನ್ನು ನೋಡಿದ ಕೂಡಲೇ ಊಟಕ್ಕೆ ಹೋಗುವ ಯೋಜನೆ ಹಾಕಿಕೊಳ್ಳಬಾರದು.

ಮೆಖೆಲೆನ್ ಸುತ್ತಲಿನ ಹೊಲಗಳು ಬೆಲ್ಜಿಯಂಗೆ ತರಕಾರಿ ಬೆಳೆಯುವ ನೆಲ. ಹಾಗಾಗಿ ಇಲ್ಲಿನ ಅಡುಗೆ ಋತುವಿನ ಜೊತೆ ಬದಲಾಗುತ್ತದೆ. ಏಪ್ರಿಲ್ ನಡುವಿನಿಂದ ಜೂನ್ 24ರವರೆಗೆ ಬಿಳಿ ಶತಾವರಿಯ ಕಾಲ. ಚಿಗುರಿನ ಮೇಲೆ ಮಣ್ಣು ಏರಿಸಿ, ಬಿಸಿಲು ಸೋಕುವ ಮೊದಲೇ ಕೊಯ್ಯುವುದರಿಂದ ಅದು ಹಸಿರಾಗುವುದಿಲ್ಲ. ಬೇಯಿಸಿದ ಶತಾವರಿಯ ಮೇಲೆ ಪುಡಿ ಮಾಡಿದ ಬೆಂದ ಮೊಟ್ಟೆ, ಕರಗಿಸಿದ ಬೆಣ್ಣೆ, ಹೆಚ್ಚಿದ ಪಾರ್ಸ್ಲಿ ಹಾಕಿ ಕೊಡುವುದು ಈ ಊರಿರುವ ಫ್ಲಾಂಡರ್ಸ್ ಪ್ರದೇಶದ ರೀತಿ. ಚಳಿಗಾಲದ ತರಕಾರಿ ವಿಟ್‌ಲೋಫ್. ಶರತ್ಕಾಲದಲ್ಲಿ ಚಿಕೋರಿ ಬೇರುಗಳನ್ನು ಅಗೆದು ಕತ್ತಲಲ್ಲಿ ಮತ್ತೆ ನೆಟ್ಟಾಗ ಮೂಡುವ ಬಿಳಿ ಮೊಗ್ಗು ಅದು. ರುಚಿ ತುಸು ಕಹಿ. ಅದಕ್ಕೆ ಹ್ಯಾಮ್ ಸುತ್ತಿ, ಚೀಸ್ ಸಾಸ್ ಸುರಿದು ಓವನ್ನಿನಲ್ಲಿ ಬೇಯಿಸುತ್ತಾರೆ.

ಮಾಂಸಾಹಾರಿಗಳಿಗೆ ಊರಿನ ಹೆಸರನ್ನೇ ಹೊತ್ತ ಕೋಳಿಯಿದೆ: ಮೆಖೆಲ್ಸೆ ಕೂಕೂಕ್. ಯುರೋಪಿನ ಕೋಗಿಲೆಯ ಮೈಯಂತೆ ಪಟ್ಟೆಯುಳ್ಳ, ಕಾಲಿಗೂ ಗರಿಯಿರುವ ಭಾರಿ ತಳಿ. 19ನೇ ಶತಮಾನದಲ್ಲಿ ಏಷ್ಯಾದ ತಳಿಗಳೊಂದಿಗೆ ಬೆರೆಸಿ ರೂಪಿಸಿದ್ದು. ಮಾಂಸ ಬಿಳಿ, ಮೃದು. ಎಲ್ಲ ಹೋಟೆಲುಗಳಲ್ಲೂ ಸಿಗುವುದಿಲ್ಲ, ಕಂಡರೆ ಬಿಡಬಾರದು. ಎಲ್ಲೆಡೆ ಸಿಗುವುದು ಸ್ಟೋಫ್‌ಫ್ಲೇಸ್. ದನದ ಮಾಂಸವನ್ನು ಈರುಳ್ಳಿಯೊಂದಿಗೆ ಹುರಿದು, ಕಪ್ಪು ಬಿಯರ್ ಸುರಿದು, ಮೇಲೆ ಸಾಸಿವೆ ಸವರಿದ ಬ್ರೆಡ್ ತುಂಡನ್ನಿಟ್ಟು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬಿಡುತ್ತಾರೆ. ಬ್ರೆಡ್ ಕರಗಿ ಗೊಜ್ಜು ಗಟ್ಟಿಯಾಗುತ್ತದೆ. ಅದಕ್ಕೆ ಜೊತೆ ಎರಡು ಬಾರಿ ಕರಿದ ಆಲೂ ಫ್ರೈಸ್: ಮೊದಲು ಕಡಿಮೆ ಕಾವಿನಲ್ಲಿ ಬೆಂದು, ಆರಿ, ಮತ್ತೆ ಜೋರು ಕಾವಿನಲ್ಲಿ ಗರಿಗರಿಯಾಗುತ್ತವೆ. ಇನ್ನು ಮಸ್ಸೆಲ್ ಎಂಬ ಕಪ್ಪುಚಿಪ್ಪಿನ ಮಳಿ ಬೆಂದ ಪಾತ್ರೆಯಲ್ಲೇ ಮೇಜಿಗೆ ಬರುತ್ತದೆ. ಮೊದಲ ಖಾಲಿ ಚಿಪ್ಪನ್ನೇ ಚಿಮಟದಂತೆ ಹಿಡಿದು ಉಳಿದವುಗಳಿಂದ ಮಾಂಸ ಕೀಳುವುದು ಊರಿನವರ ಪದ್ಧತಿ.

ಹಳೆಯ ಬೆಗೀನ್ ಕೇರಿಯ ಮಗ್ಗುಲಲ್ಲಿ ಹೆಟ್ ಆಂಕರ್ ಬಿಯರ್ ಕಾರ್ಖಾನೆ ಇದೆ. ಮಠದ ಪ್ರತಿಜ್ಞೆ ಕೈಗೊಳ್ಳದೆ ಭಕ್ತಿಯಿಂದ ಒಟ್ಟಿಗೆ ಬಾಳಿದ ಹೆಂಗಸರು ಬೆಗೀನರು. ಇಂದಿಗೂ ಶಾಂತವಾಗಿರುವ ಅವರ ಕೇರಿಯೂ ಯುನೆಸ್ಕೊ ಪಟ್ಟಿಯಲ್ಲಿದೆ. ಕಾರ್ಖಾನೆಯ ಪ್ರಸಿದ್ಧ ಬಿಯರ್ ಗೌಡೆನ್ ಕರೋಲಸ್‌ಗೆ ಐದನೇ ಚಾರ್ಲ್ಸ್‌ನ ಚಿನ್ನದ ನಾಣ್ಯದ ಹೆಸರು. ಅದರ ಕಪ್ಪು ಬಗೆಯಲ್ಲಿ ಮದ್ಯಾಂಶ ಶೇ. 8.5. ಕುಡಿಯುವವರು ಇದನ್ನು ಸಾಮಾನ್ಯ ಬಿಯರ್ ಎಂದು ಎಣಿಸಬಾರದು. ಊಟದ ಜೊತೆ ಒಂದು ಲೋಟ ಸಾಕು.

ಸಸ್ಯಾಹಾರಿಗಳು ‘ವೆಜಿಟೇರಿಯನ್’ ಎಂದಷ್ಟೇ ಹೇಳದೆ ಮಾಂಸ, ಮೀನು, ಮೊಟ್ಟೆಗಳಲ್ಲಿ ಯಾವುದು ಬೇಡವೆಂದು ಬಿಡಿಸಿ ಹೇಳಬೇಕು. ಫ್ರೈಸ್ ಕೂಡ ಕೆಲವೆಡೆ ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುವುದರಿಂದ ಎಣ್ಣೆ ಯಾವುದೆಂದು ಕೇಳಿಯೇ ತಿನ್ನುವುದು ಸರಿ. 19ನೇ ಶತಮಾನದ ಮಾಂಸದ ಮಾರುಕಟ್ಟೆಯಲ್ಲಿ ಈಗ ನಡೆಯುವ ವ್ಲೇಸ್‌ಹಾಲೆ ತಿನಿಸುಮಳಿಗೆಗಳಲ್ಲಿ ಆಯ್ಕೆ ಹೆಚ್ಚು. ಒಂದೇ ಮೇಜಿನಲ್ಲಿ ಒಬ್ಬೊಬ್ಬರು ಒಂದೊಂದು ಕಡೆಯಿಂದ ತಂದು ತಿನ್ನಬಹುದು. ಹೋಟೆಲಿನ ಅಡುಗೆಮನೆಗಳು ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 2, ಸಂಜೆ 6ರಿಂದ ಸುಮಾರು 9ರವರೆಗೆ ಮಾತ್ರ ನಡೆಯುತ್ತವೆ. ನಡುವೆ ಹೋದರೆ ಕಾಫಿ, ವಾಫಲ್ ಅಷ್ಟೇ. ಕುಡಿಯುವ ನೀರಿಗೂ ಬಿಲ್ಲು ಬರುತ್ತದೆ. ಸೇವಾಶುಲ್ಕ ದರದಲ್ಲೇ ಸೇರಿರುವುದರಿಂದ ಟಿಪ್ಸ್ ಕಡ್ಡಾಯವಲ್ಲ. ನೋಡಲು ಒಂದು ಹಗಲು ಸಾಲುತ್ತದೆ, ಆದರೆ ರಾತ್ರಿಯೂಟಕ್ಕೆ ಉಳಿಯುವವರು ಮೇಜನ್ನು ಮೊದಲೇ ಕಾದಿರಿಸಬೇಕು, ಬೇಸಿಗೆಯಾದರೆ ಕ್ಯಾರಿಲಾನ್ ಕಛೇರಿಗಾಗಿ ಸೋಮವಾರವನ್ನೇ ಆರಿಸಿಕೊಳ್ಳಬೇಕು.