ನಕ್ಷತ್ರ, ಕಣಗಳ ಓದಿಗೆ ನಂಬತಕ್ಕ ನೆಲೆಗಳು

ವಿಜ್ಞಾನ ವ್ಯಾಸಂಗ ಮಾಡುತ್ತಿರುವ ಮಕ್ಕಳಿರುವ ಮನೆಗಳಲ್ಲಿ ಈಗ ಒಂದು ಪ್ರಶ್ನೆ ಮೇಲಿಂದ ಮೇಲೆ ಏಳುತ್ತದೆ. ಕಪ್ಪುಕುಳಿ, ದೇವಕಣ ಮೊದಲಾದವುಗಳ ಬಗೆಗೆ ಅಂತರ್ಜಾಲದಲ್ಲಿ ಹುಡುಕಿದರೆ ಲೆಕ್ಕವಿಲ್ಲದಷ್ಟು ಬರಹಗಳು ಎದುರಾಗುತ್ತವೆ. ಅವುಗಳಲ್ಲಿ ನಂಬತಕ್ಕದ್ದು ಯಾವುದು? ಸಂತಸದ ಸಂಗತಿಯೆಂದರೆ, ವಿಜ್ಞಾನಿಗಳು ಸ್ವತಃ ಬಳಸುವ ಭಂಡಾರಗಳೇ ಉಚಿತವಾಗಿ ಎಲ್ಲರಿಗೂ ತೆರೆದಿವೆ. ಬಹುಪಾಲು ಇಂಗ್ಲಿಷಿನಲ್ಲಿವೆ ಎಂಬುದೊಂದೇ ಕೊರತೆ.

ಮನೆಮಂದಿಯೆಲ್ಲ ಕೂಡಿ ನೋಡಬಹುದಾದದ್ದು ನಾಸಾ ಸಂಸ್ಥೆಯ ‘ಆಸ್ಟ್ರಾನಮಿ ಪಿಕ್ಚರ್ ಆಫ್ ದ ಡೇ’. 1995ರ ಜೂನ್ 16ರಂದು ಆರಂಭವಾದ ಈ ಪುಟದಲ್ಲಿ ದಿನಕ್ಕೊಂದು ಚಿತ್ರ, ಅದರ ಕೆಳಗೆ ಖಗೋಳಜ್ಞರ ಕಿರು ವಿವರಣೆ. ಕಣಗಳ ದ್ರವ್ಯರಾಶಿ, ಆಯುಸ್ಸು ಮುಂತಾದ ಅಂಕಿಗಳಿಗೆ ‘ಪಾರ್ಟಿಕಲ್ ಡೇಟಾ ಗ್ರೂಪ್’ನ ಪಟ್ಟಿಗಳಿವೆ, ಸಂಶೋಧಕರಿಗೂ ಅವೇ ಆಧಾರ.

ಇನ್ನು ‘ಆರ್ಕೈವ್’. ಪಾಲ್ ಗಿನ್ಸ್‌ಪಾರ್ಗ್ ಎಂಬ ಭೌತವಿಜ್ಞಾನಿ 1991ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಇದನ್ನು ಆರಂಭಿಸಿದರು. ಪತ್ರಿಕೆಗಳಲ್ಲಿ ಅಚ್ಚಾಗುವ ಮೊದಲೇ ಪ್ರಬಂಧಗಳು ಇಲ್ಲಿ ದೊರೆಯುತ್ತವೆ. ಆದರೆ ಅವು ಇತರ ತಜ್ಞರ ಪರಿಶೀಲನೆಗೆ ಇನ್ನೂ ಒಳಪಡದಿರಬಹುದು ಎಂಬುದನ್ನು ಓದುಗರು ಮರೆಯಬಾರದು. ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣದ ಪ್ರಸಂಗವನ್ನೇ ನೋಡಿ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿಯೂ ದೊರೆತಿತ್ತು. 2011ರ ಸೆಪ್ಟೆಂಬರಿನಲ್ಲಿ, ಜಿನೀವಾ ಬಳಿಯ ಸರ್ನ್ ಕೇಂದ್ರದಿಂದ ಸುಮಾರು 730 ಕಿಲೋಮೀಟರ್ ದೂರದ ಇಟಲಿಯ ಪ್ರಯೋಗಶಾಲೆಗೆ ಕಳುಹಿಸಿದ ನ್ಯೂಟ್ರಿನೋಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡು ಮುಂಚೆ ತಲುಪಿದವೆಂದು ‘ಆಪೆರಾ’ ತಂಡ ಆರ್ಕೈವ್‌ನಲ್ಲಿ ಪ್ರಕಟಿಸಿತು. ಐನ್‌ಸ್ಟೈನರ ಸಿದ್ಧಾಂತವೇ ಬಿದ್ದುಹೋಯಿತೆಂದು ಜಗತ್ತು ಬೆರಗಾಯಿತು. ಕಡೆಗೆ ದೋಷ ಕಂಡದ್ದು ಸರಿಯಾಗಿ ಬಿಗಿಯದೆ ಬಿಟ್ಟಿದ್ದ ಒಂದು ಕೇಬಲಿನಲ್ಲಿ! 2012ರಲ್ಲಿ ತಂಡವೇ ಲೆಕ್ಕವನ್ನು ತಿದ್ದಿತು. ತಿದ್ದಿದ ಪ್ರತಿಯ ಜೊತೆಗೆ ಮೊದಲಿನ ತಪ್ಪು ಪ್ರತಿಯೂ ಅಳಿಸದೆ ಹಾಗೆಯೇ ಅಲ್ಲಿದೆ. ಆದ್ದರಿಂದ ಯಾವುದೇ ಪ್ರಬಂಧ ತೆರೆದಾಗ, ಅದು ಎಷ್ಟನೆಯ ಪ್ರತಿ, ಯಾವ ಪತ್ರಿಕೆಯಲ್ಲಿ ಅಚ್ಚಾಯಿತು ಎಂಬುದನ್ನು ಮೊದಲು ನೋಡುವ ರೂಢಿಯನ್ನು ಮಕ್ಕಳಿಗೆ ಮಾಡಿಸುವುದು ಲೇಸು.

ಓದಿನಿಂದ ತೃಪ್ತರಾಗದೆ ಸ್ವತಃ ಲೆಕ್ಕ ಹಾಕಬಯಸುವವರಿಗೆ, ಪ್ರಯೋಗಗಳ ಮೂಲ ದತ್ತಾಂಶವನ್ನೇ ಸರ್ನ್ 2014ರಿಂದ ‘ಓಪನ್ ಡೇಟಾ’ ತಾಣದಲ್ಲಿ ಕೊಡುತ್ತಿದೆ. 2015ರಲ್ಲಿ ಹಾರಿದ ನಮ್ಮ ಆಸ್ಟ್ರೋಸ್ಯಾಟ್ ಉಪಗ್ರಹದ ವೀಕ್ಷಣೆಗಳೂ 2018ರಿಂದ ಸಾರ್ವಜನಿಕರಿಗೆ ಲಭ್ಯ. ಅವುಗಳನ್ನು ಸಂಗ್ರಹಿಸಿ ಹಂಚುವ ಇಸ್ರೋ ಕೇಂದ್ರವಿರುವುದು ಬೆಂಗಳೂರಿನ ಸಮೀಪದ ಬ್ಯಾಲಾಳಿನಲ್ಲಿ.