ಹುಳ ಮುಟ್ಟಿದಾಗ ಗಾಜಿನ ಟ್ಯೂಬ್ ಹೇಳುವ ಸತ್ಯ

ನಮ್ಮ ಕಡೆ ರಾತ್ರಿ ಹೊತ್ತು ಹಾವು ಅನ್ನಲ್ಲ, ‘ಹುಳ’ ಅಂತಾರೆ. ಬ್ಯಾಡಗಿ ತಾಲೂಕಿನ ನಮ್ಮ ಸೋದರಮಾವನ ಊರಿನಿಂದ ಒಂದು ರಾತ್ರಿ ಫೋನ್ ಬಂತು. ಅತ್ತೆ ಹೇಳಿದ್ದೂ ಅದೇ ಮಾತು. “ನಿಮ್ಮ ಮಾವಗ ಹುಳ ಮುಟ್ಟೈತೋ ತಮ್ಮಾ. ಕರೆಂಟ್ ಬಂತು ಅಂತ ಮೋಟರ್ ಚಾಲೂ ಮಾಡಾಕ ಹೋಗಿದ್ರು.”

ನಾನು ಆಗಷ್ಟೇ ಒಂಬತ್ತರ ಬುಲೆಟಿನ್ ಮುಗಿಸಿ ಮೈಕ್ ಬಿಚ್ಚುತ್ತಿದ್ದೆ. ಯೋಚನೆಯನ್ನೇ ಮಾಡದೆ ಅಂದೆ: “ಎಲ್ಲೂ ನಿಲ್ಲಬ್ಯಾಡ್ರಿ, ಸೀದಾ ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ.” ಟಿವಿಯಲ್ಲಿ ಬರೋ ಹುಡುಗ ಹೇಳಿದ್ದಾನೆ ಅಂದ ಮೇಲೆ ಕೇಳಬೇಕೆ? ಗಾಡಿ ಹೊರಟಿತು. ಬ್ಯಾಡಗಿ ತಾಲೂಕು ಆಸ್ಪತ್ರೆ ದಾಟಿತು. ಮೋಟೆಬೆನ್ನೂರಿನಲ್ಲಿ ಹೈವೇ ಹತ್ತಿ ಹಾವೇರಿ ಜಿಲ್ಲಾಸ್ಪತ್ರೆ ದಾಟಿತು. ಬಂಕಾಪುರ, ಶಿಗ್ಗಾಂವಿ ಎಲ್ಲಾ ದಾಟಿತು. ಹಾವೇರಿಯಿಂದ ಹುಬ್ಬಳ್ಳಿ 70 ಕಿಲೋಮೀಟರ್ ಮೇಲಿದೆ. ಮಾವ ಬದುಕಿದರು. ಆದರೆ ಕಿಡ್ನಿ ಕೈಕೊಟ್ಟಿತ್ತು, ಮೂರು ವಾರ ಡಯಾಲಿಸಿಸ್ ಆಯಿತು. ತಪ್ಪು ಹಾವಿನದ್ದಷ್ಟೇ ಅಲ್ಲ, ನನ್ನದೂ ಇತ್ತು. ಅದು ಅರ್ಥ ಆಗೋಕೆ ನಾನು ಒಂದಷ್ಟು ಓದಬೇಕಾಯಿತು, ಒಂದಷ್ಟು ವೈದ್ಯರ ತಲೆ ತಿನ್ನಬೇಕಾಯಿತು. ಆ ಓದಿನ ಫಲ ಇವತ್ತಿನ ಈ ಮಾತು.

ನಮ್ಮ ಹೊಲಗಳಲ್ಲಿ ಮನುಷ್ಯರನ್ನು ಕೊಲ್ಲುವ ಹಾವು ಮುಖ್ಯವಾಗಿ ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಮೊದಲೆರಡರ ವಿಷ ನರಕ್ಕೆ ಹೋಗುತ್ತದೆ: ರೆಪ್ಪೆ ಜೋತುಬೀಳುತ್ತೆ, ನಾಲಿಗೆ ತೊದಲುತ್ತೆ, ಉಸಿರು ನಿಲ್ಲುತ್ತೆ. ಕೊನೆಯ ಎರಡರದ್ದು ರಕ್ತಕ್ಕೆ. ಮಾವನಿಗೆ ಕಚ್ಚಿದ್ದು ಕೊಳಕುಮಂಡಲ. ಅದರ ವಿಷ ಮೈಯೊಳಗೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನೆಲ್ಲ ಒಮ್ಮೆಲೇ ಖರ್ಚು ಮಾಡಿಬಿಡುತ್ತದೆ. ದುಂದುಗಾರನ ಕೈಗೆ ವರ್ಷದ ಬಜೆಟ್ ಕೊಟ್ಟ ಹಾಗೆ. ಆಮೇಲೆ ಒಸಡಿನಿಂದ, ಮೂತ್ರದಲ್ಲಿ, ಕೆಲವೊಮ್ಮೆ ಮೆದುಳಿನಲ್ಲಿ ರಕ್ತ ಸೋರಿದರೆ ನಿಲ್ಲಿಸೋಕೆ ಏನೂ ಉಳಿದಿರಲ್ಲ. ಜೊತೆಗೆ ಕಿಡ್ನಿಗೂ ಪೆಟ್ಟು.

ಇದು ಆಗುತ್ತಿದೆಯೋ ಇಲ್ಲವೋ ಅಂತ ಗೊತ್ತುಮಾಡೋಕೆ ಎಂಥ ಮಷಿನ್ ಬೇಕು? ನಾನು ಇಂಜಿನಿಯರಿಂಗ್ ಓದಿದವನು, ಮಷಿನ್ ಅಂದರೆ ಕಿವಿ ನೆಟ್ಟಗಾಗುತ್ತೆ. ಉತ್ತರ ಕೇಳಿ ಪೆಚ್ಚಾದೆ. ಬೇಕಾಗಿರೋದು ಒಂದು ಗಾಜಿನ ಟೆಸ್ಟ್ ಟ್ಯೂಬ್, ಹೈಸ್ಕೂಲ್ ಲ್ಯಾಬಿನಲ್ಲಿ ‘ಪ್ರನಾಳ’ ಅಂತಿದ್ವಲ್ಲ, ಅದು. ಮತ್ತೊಂದು ಗಡಿಯಾರ. ರಕ್ತನಾಳದಿಂದ 2 ಎಂ.ಎಲ್. ರಕ್ತ ತೆಗೆದು ಟ್ಯೂಬಿಗೆ ಹಾಕಿ, ಅಲ್ಲಾಡಿಸದೆ 20 ನಿಮಿಷ ನಿಲ್ಲಿಸಬೇಕು. ಆಮೇಲೆ ಒಂದೇ ಒಂದು ಸಲ ಓರೆ ಮಾಡಿ ನೋಡಬೇಕು. ರಕ್ತ ಗಟ್ಟಿಯಾಗಿ ತಳಕ್ಕೆ ಕೂತಿದ್ದರೆ ಸದ್ಯಕ್ಕೆ ಸರಿ, ಮತ್ತೆ ಮತ್ತೆ ಪರೀಕ್ಷಿಸುತ್ತಾ ನಿಗಾ ಇಡಬೇಕು. ನೀರಿನ ಹಾಗೆ ಹರಿದರೆ ವಿಷ ಕೆಲಸ ಶುರುಮಾಡಿದೆ, ಕೂಡಲೇ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷ, ಕೊಡಬೇಕು. ಇಷ್ಟೇ ಕಣ್ರೀ. ಲ್ಯಾಬ್ ಟೆಕ್ನಿಷಿಯನ್ ಮನೆಗೆ ಹೋಗಿದ್ದರೂ ರಾತ್ರಿ ಡ್ಯೂಟಿಯ ಸಿಸ್ಟರ್ ಮಾಡಬಹುದಾದ ಪರೀಕ್ಷೆ.

ಆದರೆ ಇಷ್ಟು ಸುಲಭದ್ದರಲ್ಲೂ ಎಡವಲು ಜಾಗ ಇದೆ. ಗಾಜೇ ಆಗಬೇಕು. ಗಾಜಿನ ಮೇಲ್ಮೈ ತಾಗಿದಾಗಲೇ ಹೆಪ್ಪುಗಟ್ಟುವ ಸರಪಳಿ ಶುರುವಾಗೋದು, ಪ್ಲಾಸ್ಟಿಕ್‌ಗೆ ಆ ಗುಣ ಇಲ್ಲ. ಟ್ಯೂಬ್ ಒಣಗಿರಬೇಕು, ಹೊಸದಿರಬೇಕು. ಸೋಪು ಹಾಕಿ ತೊಳೆದದ್ದಾದರೆ ಆರೋಗ್ಯವಂತನ ರಕ್ತವೂ ಗಟ್ಟಿಯಾಗದೆ ಮೋಸ ಮಾಡಬಹುದು. 2013ರಲ್ಲಿ ಶ್ರೀಲಂಕಾದ ಆಸ್ಪತ್ರೆಗಳಿಂದ ಬಂದ ಒಂದು ಅಧ್ಯಯನ ಗಾಬರಿ ಹುಟ್ಟಿಸುವಂತಿತ್ತು. ದಿನನಿತ್ಯದ ಗದ್ದಲದಲ್ಲಿ ಮಾಡಿದಾಗ ಈ ಪರೀಕ್ಷೆ, ನಿಜವಾಗಿಯೂ ರಕ್ತ ಕೆಟ್ಟಿದ್ದ 100 ಜನರಲ್ಲಿ ಸುಮಾರು 40 ಜನರನ್ನಷ್ಟೇ ಹಿಡಿಯಿತು. ಉಳಿದವರಿಗೆ ಔಷಧಿ ತಡವಾಯಿತು. 2021ರಲ್ಲಿ ಬೇರೆಬೇರೆ ದೇಶಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಲೆಕ್ಕ ಮಾಡಿದಾಗ ಅದೇ ಅಂಕಿ 84ಕ್ಕೆ ಏರಿತು. ಟ್ಯೂಬ್ ಅದೇ, ರಕ್ತ ಅದೇ. ಬಹುಮಟ್ಟಿಗೆ ವ್ಯತ್ಯಾಸ ಎಲ್ಲಿದೆ ಅಂದರೆ ಮಾಡುವ ಕೈಯಲ್ಲಿ. ಕೋಟಿ ರೂಪಾಯಿಯ ಸ್ಕ್ಯಾನಿಂಗ್ ಮಷಿನ್‌ಗೆ ರಿಬ್ಬನ್ ಕತ್ತರಿಸಲು ಮಂತ್ರಿಗಳು ಬರ್ತಾರೆ. ಹತ್ತಿಪ್ಪತ್ತು ರೂಪಾಯಿಯ ಗಾಜಿನ ಟ್ಯೂಬು ಸ್ಟೋರಿನಲ್ಲಿ ಇದೆಯಾ ಅಂತ ಕೇಳೋಕೆ ಯಾರು ಬರ್ತಾರೆ? ನಾವು ಮಾಧ್ಯಮದವರೂ ಕೇಳಲ್ಲ.

ಈಗ ಎಎಸ್‌ವಿ ವಿಷಯ. ಎಷ್ಟು ಕೊಡಬೇಕು ಅನ್ನೋದರಲ್ಲಿ ನನಗೆ ಇಷ್ಟವಾಗುವ ಒಂದು ಲೆಕ್ಕ ಇದೆ. ಒಂದು ಎಂ.ಎಲ್. ಔಷಧಿ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ಹೊಡೆದುಹಾಕುತ್ತದೆ. ಒಂದು ವಯಲ್ 10 ಎಂ.ಎಲ್., ಅಂದರೆ 6 ಮಿಲಿಗ್ರಾಂ. ಆ ಹಾವು ಒಮ್ಮೆ ಕಚ್ಚಿದರೆ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆ. ಭಾಗಿಸಿ ನೋಡಿ, ಹೆಚ್ಚುಕಡಿಮೆ 10 ವಯಲ್ ಬಂತು. ಮೊದಲ ಡೋಸ್ 8ರಿಂದ 10 ವಯಲ್ ಅನ್ನೋದರ ಹಿಂದಿನ ಗುಟ್ಟು ಇದು. ಮಗುವಿಗೂ ಅಷ್ಟೇ ಡೋಸ್. ಯಾಕೆಂದರೆ ಮಗು ಚಿಕ್ಕದು ಅಂತ ಹಾವು ವಿಷ ಕಡಿಮೆ ಬಿಡಲ್ಲ! ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಪರೀಕ್ಷೆ. ಲಿವರ್ ಹೊಸ ಪ್ರೋಟೀನ್ ತಯಾರು ಮಾಡಿಕೊಳ್ಳಲು ಅಷ್ಟು ಹೊತ್ತು ಬೇಕು. ಆಗಲೂ ರಕ್ತ ಹರಿಯುತ್ತಿದ್ದರೆ ಇನ್ನೊಂದು ಡೋಸ್.

ಹಾಗಾದರೆ ಸಣ್ಣ ಆಸ್ಪತ್ರೆಯ ವೈದ್ಯರು ಕೊಡೋಕೆ ಯಾಕೆ ಹಿಂಜರೀತಾರೆ? “ಇಲ್ಲಿ ಆಗಲ್ಲ, ಮುಂದೆ ಕರಕೊಂಡು ಹೋಗ್ರಿ” ಅನ್ನೋ ಮಾತು ಯಾಕೆ ಬರುತ್ತೆ? ಒಂದು ಕಾರಣ ಭಯ. ಈ ಔಷಧಿ ಕುದುರೆಯ ರಕ್ತದಿಂದ ಬರುವಂಥದ್ದು. ಕೆಲವರ ಮೈಗೆ ಒಗ್ಗಲ್ಲ. ದದ್ದು, ಚಳಿ, ಬಿ.ಪಿ. ಕುಸಿತ, ಉಸಿರುಗಟ್ಟುವುದು. ವೈದ್ಯರು ಒಬ್ಬರೇ ಇದ್ದಾರೆ, ಹೊರಗೆ ಐವತ್ತು ಜನ ನಿಂತಿದ್ದಾರೆ, ಡ್ರಿಪ್ ಹಾಕಿದ ಮೇಲೆ ರೋಗಿಗೆ ಹೆಚ್ಚುಕಮ್ಮಿಯಾದರೆ ಕಿಟಕಿ ಗಾಜು ಉಳಿಯಲ್ಲ. ಅವರ ಜಾಗದಲ್ಲಿ ನಿಂತು ನೋಡಿ.

ಈ ಭಯಕ್ಕೂ ಸಂಶೋಧನೆ ಉತ್ತರ ಕೊಟ್ಟಿದೆ. ಶ್ರೀಲಂಕಾದಲ್ಲೇ 1,007 ರೋಗಿಗಳ ಮೇಲೆ ನಡೆದ ಒಂದು ಟ್ರಯಲ್ 2011ರಲ್ಲಿ ಪ್ರಕಟವಾಯಿತು. ಎಎಸ್‌ವಿಗೆ ಮುಂಚೆ ಕೆಲವರಿಗೆ ಅಡ್ರಿನಲಿನ್, ಕೆಲವರಿಗೆ ಸ್ಟಿರಾಯ್ಡ್, ಕೆಲವರಿಗೆ ಅಲರ್ಜಿ ಇಂಜೆಕ್ಷನ್, ಕೆಲವರಿಗೆ ಬರೀ ನೀರಿನಂಥ ದ್ರಾವಣ. ಯಾರಿಗೆ ಏನು ಕೊಟ್ಟಿದೆ ಅಂತ ಕೊಟ್ಟವರಿಗೂ ಗೊತ್ತಿಲ್ಲ, ತಗೊಂಡವರಿಗೂ ಗೊತ್ತಿಲ್ಲ. ಫಲಿತಾಂಶ: ಚರ್ಮದಡಿ ಕೊಡುವ ಕಡಿಮೆ ಡೋಸಿನ ಅಡ್ರಿನಲಿನ್, ತೀವ್ರ ರಿಯಾಕ್ಷನ್ನನ್ನು ಮೊದಲ ಗಂಟೆಯಲ್ಲಿ 43 ಪರ್ಸೆಂಟ್ ಇಳಿಸಿತು. ಅಭ್ಯಾಸಬಲದಿಂದ ಎಷ್ಟೋ ಕಡೆ ಮೊದಲು ಚುಚ್ಚುವ ಸ್ಟಿರಾಯ್ಡ್‌ನಿಂದ ತಡೆಯುವ ಪ್ರಯೋಜನ ಕಾಣಲಿಲ್ಲ. ಅಡ್ರಿನಲಿನ್ ದುಬಾರಿ ಔಷಧಿಯಲ್ಲ. ಅದು ಪ್ರತಿ ಸರ್ಕಾರಿ ಆಸ್ಪತ್ರೆಯ ತುರ್ತು ಟ್ರೇಯಲ್ಲಿ ಇರಲೇಬೇಕಾದ ವಸ್ತು.

ಔಷಧಿಯ ಬಗ್ಗೆ ಇನ್ನೊಂದು ಮಾತು ಮುಚ್ಚಿಡಬಾರದು. ದೇಶದ ಎಎಸ್‌ವಿಗೆ ಬೇಕಾದ ವಿಷ ಬಹುಪಾಲು ಬರೋದು ತಮಿಳುನಾಡಿನಿಂದ, ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ, ಅವರ ಕೈಚಳಕಕ್ಕೆ ನಮಸ್ಕಾರ. ಆದರೆ ತಮಿಳುನಾಡಿನ ಕೊಳಕುಮಂಡಲದ ವಿಷವೂ ಬೇರೆ ಕಡೆಯ ಕೊಳಕುಮಂಡಲದ ವಿಷವೂ ಒಂದೇನಾ? ಬೆಂಗಳೂರಿನ ಐಐಎಸ್‌ಸಿಯಲ್ಲಿ ಕಾರ್ತಿಕ್ ಸುಣಗಾರ್ ಅವರ ತಂಡ ವರ್ಷಗಳಿಂದ ಇದನ್ನೇ ಕೆದಕುತ್ತಿದೆ. 2025ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದೇಶದ 34 ಕಡೆಯ 115 ಕೊಳಕುಮಂಡಲಗಳ ವಿಷ ಪರೀಕ್ಷಿಸಿದ್ದಾರೆ. ಊರಿನ ಉಷ್ಣಾಂಶ, ಮಳೆ ಬದಲಾದ ಹಾಗೆ ವಿಷದ ಗುಣವೂ ಬದಲಾಗುತ್ತೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ, ಖಾರ ಬೇರೆ ಕಡೆ ಬೆಳೆದರೆ ಹಾಗೇ ಬರುತ್ತಾ? ಹಾವಿಗೂ ಅದೇ ನ್ಯಾಯ ಅನ್ನಿ. ಹಾಗಂತ ಇರೋ ಔಷಧಿ ಕೆಲಸಕ್ಕೆ ಬರಲ್ಲ ಅಂತ ಯಾರೂ ತಿಳಿಯಬೇಡಿ. ಇವತ್ತಿಗೆ ಜೀವ ಉಳಿಸೋದು ಅದೊಂದೇ.

ಮಾತ್ರೆ ಬರುತ್ತಂತಲ್ಲ ಅಂತ ನೀವು ಕೇಳಬಹುದು, ವಾಟ್ಸಾಪಲ್ಲಿ ಓಡಾಡ್ತಿದೆ. ವರೆಸ್ಪ್ಲಾಡಿಬ್ ಅನ್ನೋ ಔಷಧಿ ಅದು. ಹಿಂದೆ ಹೃದಯದ ಕಾಯಿಲೆಗೆ ಪ್ರಯೋಗಿಸಿ ನೋಡಿದ್ದು, ಅಲ್ಲಿ ಸೋತಿತು. ವಿಷದ ಒಂದು ಮುಖ್ಯ ಕಿಣ್ವವನ್ನು ಕಟ್ಟಿಹಾಕುತ್ತೆ ಅಂತ ಆಮೇಲೆ ಗೊತ್ತಾಯಿತು. ಭಾರತ ಮತ್ತು ಅಮೆರಿಕದ ಆಸ್ಪತ್ರೆಗಳಲ್ಲಿ 95 ರೋಗಿಗಳ ಮೇಲೆ ಎಎಸ್‌ವಿ ಜೊತೆಗೇ ಕೊಟ್ಟು ನೋಡಿದರು, ಫಲಿತಾಂಶ 2024ರಲ್ಲಿ ಬಂತು. ಒಟ್ಟಾರೆ ನೋಡಿದರೆ ಗೆಲುವು ಅನ್ನುವಷ್ಟು ವ್ಯತ್ಯಾಸ ಬರಲಿಲ್ಲ. ಆದರೆ ಕಚ್ಚಿದ 5 ಗಂಟೆಯೊಳಗೆ ಮಾತ್ರೆ ತಗೊಂಡವರಲ್ಲಿ ಸುಧಾರಣೆಯ ಸುಳಿವು ಸಿಕ್ಕಿತು. ಸುಳಿವು, ಅಷ್ಟೇ. ಹೆಡ್‌ಲೈನ್ ಹಾಕುವಾಗ ನಮ್ಮ ಡೆಸ್ಕಿನವರು ಈ ಪದವನ್ನೇ ಮೊದಲು ಕತ್ತರಿಸೋದು.

ಎಲ್ಲ ಅಧ್ಯಯನವನ್ನೂ ಪಕ್ಕಪಕ್ಕ ಇಟ್ಟರೆ ಎಲ್ಲವೂ ಗಡಿಯಾರದ ಕಡೆಗೇ ಬೆರಳು ತೋರಿಸುತ್ತವೆ. ಈಗ ಮಾವನ ದಾರಿಗೆ ವಾಪಸ್ ಬರೋಣ. ಬ್ಯಾಡಗಿಯಲ್ಲಿ ಇಳಿದು, ಟ್ಯೂಬ್ ಪರೀಕ್ಷೆಯಾಗಿ, ಮೊದಲ ಡೋಸ್ ಶುರುವಾಗಿ, ಆಮೇಲೆ ಬೇಕಿದ್ದರೆ ಆಂಬುಲೆನ್ಸಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದರೆ ಆ 70 ಚಿಲ್ಲರೆ ಕಿಲೋಮೀಟರ್ ಉದ್ದಕ್ಕೂ ಔಷಧಿ ಕೆಲಸ ಮಾಡುತ್ತಿತ್ತು. ನನ್ನ ಸಲಹೆಯಿಂದ ಕೆಲಸ ಮಾಡಿದ್ದು ವಿಷ. ರಾಣೆಬೆನ್ನೂರಿನವರೂ ಹೀಗೇ. ಏನಾದರೂ ಆದರೆ ದಾವಣಗೆರೆ ಅಂತ ಓಡ್ತಾರೆ. ಹೋಗಿ, ಬೇಡ ಅನ್ನಲ್ಲ. ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಹೋಗಿ. ಎಎಸ್‌ವಿ ಅಲ್ಲಿ ಉಚಿತ.

ಕಟ್ಟುಹಾವಿನ ಕಥೆ ಬೇರೆ, ಅದಕ್ಕೆ ಟ್ಯೂಬ್ ಪರೀಕ್ಷೆ ಉತ್ತರ ಕೊಡಲ್ಲ. ನೆಲದ ಮೇಲೆ ಮಲಗಿದವರಿಗೆ ನಡುರಾತ್ರಿ ಕಚ್ಚುತ್ತೆ, ನೋವೇ ಇರಲ್ಲ, ಗುರುತೂ ಕಾಣಲ್ಲ. ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಹಿಡಿದ ಹಾಗೆ, ಕಣ್ಣು ತೆರೆಯೋಕಾಗಲ್ಲ. ‘ಗಾಳಿ ಬಡದೈತಿ’ ಅಂತ ದೇವರ ಗುಡಿಗೆ ಕರೆದುಕೊಂಡು ಹೋಗಿ ಹೊತ್ತು ಕಳೆಯೋದು ಇಂಥವರನ್ನೇ. ಇವರಿಗೆ ಎಎಸ್‌ವಿ ಜೊತೆ ಉಸಿರಾಟಕ್ಕೆ ಆಸರೆ ಬೇಕು, ವೆಂಟಿಲೇಟರ್ ಸಿಗುವವರೆಗೆ ಚೀಲ ಒತ್ತಿ ಉಸಿರು ಕೊಡುವ ಒಂದು ಜೊತೆ ಕೈ ಬೇಕು.

ಎಷ್ಟು ಜನ ಸಾಯ್ತಾರೆ? 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಅಂದಾಜಿನಂತೆ 2000ದಿಂದ 2019ರವರೆಗೆ ಭಾರತದಲ್ಲಿ 12 ಲಕ್ಷ ಮಂದಿ, ವರ್ಷಕ್ಕೆ ಸರಾಸರಿ 58,000. ಬಹಳಷ್ಟು ಜನ ಆಸ್ಪತ್ರೆ ಕಾಣದೆ, ಹಳ್ಳಿಯ ಮನೆಯಲ್ಲೇ. ಮನೆಯಲ್ಲಿ ಸತ್ತವರು ಆಸ್ಪತ್ರೆಯ ಲೆಕ್ಕಕ್ಕೆ ಬರೋದಿಲ್ಲ. ಕರ್ನಾಟಕ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಖಾಸಗಿ ಆಸ್ಪತ್ರೆಗಳೂ ಹೇಳಲೇಬೇಕು. ಹಿಂದಿನ ವರ್ಷ ಸುಮಾರು 6,600ರ ಆಸುಪಾಸು ಇದ್ದ ಪ್ರಕರಣ ಆ ವರ್ಷ 13,000 ದಾಟಿತು, 20ರ ಒಳಗಿದ್ದ ಸಾವು 100ರ ಹತ್ತಿರ ಹೋಯಿತು. ಹಾವುಗಳು ಒಮ್ಮೆಲೇ ಸಿಟ್ಟಿಗೆದ್ದವಾ? ಇಲ್ಲ, ನಾವು ಎಣಿಸೋಕೆ ಶುರುಮಾಡಿದ್ವಿ.

ಎಣಿಸೋದೂ ಸಂಶೋಧನೆಯೇ. ಮಹಾರಾಷ್ಟ್ರದ ಮಹಾಡ್ ಅನ್ನೋ ಸಣ್ಣ ಊರಿನಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಕೆಂಪು ಚೇಳು ಕಡಿದವರನ್ನು ಒಬ್ಬೊಬ್ಬರನ್ನಾಗಿ ಗಮನಿಸಿ, ಬಿ.ಪಿ.ಯ ಅಗ್ಗದ ಮಾತ್ರೆ ಪ್ರಾಜೋಸಿನ್ ಜೀವ ಉಳಿಸುತ್ತೆ ಅಂತ 1980ರ ದಶಕದಲ್ಲೇ ‘ಲ್ಯಾನ್ಸೆಟ್’ನಲ್ಲಿ ಬರೆದರು. 2022ರಲ್ಲಿ ಪದ್ಮಶ್ರೀ ಬಂತು. ಹಾವೇರಿಯಲ್ಲೂ ಈಗ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ನಮ್ಮ ಜಿಲ್ಲೆಯ ಹುಳ ಎಲ್ಲಿ, ಯಾವ ಹೊತ್ತಲ್ಲಿ, ಯಾರನ್ನು ಮುಟ್ಟುತ್ತೆ, ಎಷ್ಟು ಗಂಟೆಗೆ ಔಷಧಿ ಸಿಗುತ್ತೆ ಅಂತ ಅಲ್ಲಿನ ಹುಡುಗ ಹುಡುಗಿಯರು ಬರೆದಿಡಲಿ. ರಾತ್ರಿ ಪಾಳಿಯಲ್ಲಿ ಪಂಪ್‌ಸೆಟ್ಟಿಗೆ ಕರೆಂಟ್ ಕೊಡೋದಕ್ಕೂ ಕಡಿತಕ್ಕೂ ಸಂಬಂಧ ಏನು ಅಂತಲೂ ನೋಡಲಿ. ನನಗಂತೂ ಇದೆ ಅನ್ನಿಸುತ್ತೆ.

ಮನೆಯವರು ಮಾಡಬೇಕಾದ್ದು ಸ್ವಲ್ಪವೇ. ಕೈಯೋ ಕಾಲೋ, ಕಚ್ಚಿದ ಭಾಗ ಅಲ್ಲಾಡದಂತೆ ಪಟ್ಟಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ, 108ಕ್ಕೆ ಫೋನ್ ಮಾಡಿ. ಉಂಗುರ, ಕಾಲುಂಗುರ ಬಿಚ್ಚಿ, ಬಾವು ಬಂದ ಮೇಲೆ ಬರಲ್ಲ. ಬ್ಲೇಡಿನಿಂದ ಕೊಯ್ಯೋದು, ಬಾಯಿ ಹಾಕಿ ಹೀರೋದು, ಬಿಗಿಯಾಗಿ ಹಗ್ಗ ಕಟ್ಟೋದು ಬೇಡ. ಆಗಲೇ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಪಟ್ಟನೆ ಬಿಚ್ಚಬೇಡಿ, ಆಸ್ಪತ್ರೆಯಲ್ಲಿ ವೈದ್ಯರ ಎದುರು ಬಿಚ್ಚಿಸಿ. ಹಾವು ಹುಡುಕಿ ಹೊಡೆದು ಚೀಲದಲ್ಲಿ ಹಾಕಿಕೊಂಡು ಬರುವ ಸಾಹಸವೂ ಬೇಡ.

ಮೊನ್ನೆ ಊರಿಗೆ ಹೋದಾಗ ಮಾವ ರಬ್ಬರ್ ಬೂಟು ಹಾಕಿಕೊಂಡು ಹೊಲಕ್ಕೆ ಹೊರಟಿದ್ದರು, ಕೈಯಲ್ಲಿ ಉದ್ದನೆ ಬ್ಯಾಟರಿ. ನಾನು ಹಳೇ ಸಲಹೆಗೆ ಕ್ಷಮೆ ಕೇಳಿದೆ. ಅವರು ನಕ್ಕು ಅಂದರು: “ಹೋಗ್ಲಿ ಬಿಡೋ ತಮ್ಮಾ. ಅದನ್ನೆಲ್ಲ ಟಿವ್ಯಾಗ ಹೇಳು. ಮತ್ತ ಆ ಗಾಜಿನ ಟೂಬ್ ನಮ್ಮ ದವಾಖಾನ್ಯಾಗ ಐತೋ ಇಲ್ಲೋ, ಒಮ್ಮೆ ಕೇಳಿ ಬಾ.”

ನಾಳೆ ಬೆಳಿಗ್ಗೆ ಕೇಳೋಕೆ ಹೋಗ್ತಿದ್ದೀನಿ.