ಕೀಟನಾಶಕದ ಶೇಷಾಂಶವನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಪತ್ತೆ ಹಚ್ಚುವ ಬಗೆ

ಗೇರು ಬೆಳೆಯ ಚಿಗುರು ಮತ್ತು ಹೂಗೊಂಚಲನ್ನು ಒಣಗಿಸುವ ಟೀ ಸೊಳ್ಳೆಯ ಹತೋಟಿಗೆಂದು ದಕ್ಷಿಣ ಕನ್ನಡದ ಸರ್ಕಾರಿ ಗೇರು ತೋಪುಗಳಲ್ಲಿ 1980 ಮತ್ತು 90ರ ದಶಕಗಳಲ್ಲಿ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಅದರ ಪರಿಣಾಮದ ಪ್ರಶ್ನೆ ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ಭಾಗದ ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿದೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಈ ಔಷಧವನ್ನು ದೇಶದಾದ್ಯಂತ ತಡೆಹಿಡಿಯಿತು.

ನೆರೆಯ ಕಾಸರಗೋಡಿನ ಪಡ್ರೆ ಗ್ರಾಮದ ಮಾದರಿಗಳನ್ನು 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಪರೀಕ್ಷಿಸಿ, ಎಂಡೋಸಲ್ಫಾನ್ ಇದೆಯೆಂದು ವರದಿ ಮಾಡಿತು. ಬಳಿಕ ಬಂದ ಬೇರೊಂದು ಪ್ರಯೋಗಾಲಯದ ವರದಿ ಅದಕ್ಕೆ ಹೊಂದಲಿಲ್ಲ. ಇಂತಹ ವರದಿಗಳನ್ನು ಓದಿ ತೂಗಿ ನೋಡಬೇಕಾದರೆ ಯಂತ್ರದ ಕೆಲಸವನ್ನು ರೈತರು ಸ್ಥೂಲವಾಗಿಯಾದರೂ ತಿಳಿದಿರಬೇಕು.

ಬೇರ್ಪಡಿಸುವ ತತ್ವ

ಕಡಬದಿಂದ ಪುತ್ತೂರು ಸಂತೆಗೆ ಹತ್ತು ಮಂದಿ ಒಟ್ಟಿಗೆ ನಡೆದು ಹೊರಟರೆಂದು ಭಾವಿಸೋಣ. ಎಲ್ಲರ ನಡಿಗೆಯ ವೇಗ ಒಂದೇ. ಆದರೆ ದಾರಿಯ ಪ್ರತಿ ಅಂಗಡಿಯಲ್ಲೂ ಕೂರುವವನು ತಡವಾಗಿ ತಲುಪುತ್ತಾನೆ. ಎಲ್ಲಿಯೂ ನಿಲ್ಲದವನು ಮೊದಲು ತಲುಪುತ್ತಾನೆ. ಗ್ಯಾಸ್ ಕ್ರೊಮ್ಯಾಟೋಗ್ರಾಫಿನಲ್ಲಿ ನಡೆಯುವುದೂ ಇದೇ. ಆವಿಯಾದ ವಸ್ತುಗಳನ್ನು ನೈಟ್ರೋಜನ್ ಅಥವಾ ಹೀಲಿಯಂ ಅನಿಲ ಹೊತ್ತು ಸಾಗಿಸುತ್ತದೆ. ಕೊಳವೆಯ ಒಳಮೈಗೆ ಸವರಿದ ಲೇಪದಲ್ಲಿ ಒಂದೊಂದು ವಸ್ತು ಒಂದೊಂದು ಹೊತ್ತು ತಂಗುತ್ತದೆ. ಹೀಗೆ ಬೆರೆತು ಒಳಹೋದವು ಬೇರೆ ಬೇರೆಯಾಗಿ ಹೊರಬರುತ್ತವೆ. ಈ ವಿಧಾನವನ್ನು ಜೇಮ್ಸ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು 1952ರಲ್ಲಿ ಪ್ರಕಟಿಸಿದರು.

ಯಂತ್ರದ ಭಾಗಗಳು

1. ಒಳಸೇರಿಸುವ ದ್ವಾರ: ಮಣ್ಣು ಅಥವಾ ಎಲೆಯನ್ನು ನೇರವಾಗಿ ಯಂತ್ರಕ್ಕೆ ಹಾಕುವಂತಿಲ್ಲ. ದ್ರಾವಕದಲ್ಲಿ ಶೇಷಾಂಶವನ್ನು ಇಳಿಸಿ, ಶುದ್ಧಗೊಳಿಸಿ, ಆ ಸಾರದ ಒಂದೆರಡು ಮೈಕ್ರೋಲೀಟರನ್ನು ಸೂಜಿಯಿಂದ ಚುಚ್ಚಲಾಗುತ್ತದೆ. ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅದು ಆವಿಯಾಗುತ್ತದೆ.

2. ಕೊಳವೆ: ಕಾವು ನಿಯಂತ್ರಿಸುವ ಒಲೆಯೊಳಗೆ ಸುರುಳಿಯಾಗಿರುತ್ತದೆ. ಹಿಂದೆ ಒಂದೆರಡು ಮೀಟರಿನ ಗಾಜಿನ ಕೊಳವೆ ಬಳಕೆಯಲ್ಲಿತ್ತು. ಈಗ ಸಾಮಾನ್ಯವಾಗಿ 30 ಮೀಟರ್ ಉದ್ದ, 0.25 ಮಿ.ಮೀ. ಒಳವ್ಯಾಸದ ಕೊಳವೆ ಇರುತ್ತದೆ.

3. ಪತ್ತೆಕಾರಿ: ಎಂಡೋಸಲ್ಫಾನಿನ ಪ್ರತಿ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಕ್ಲೋರಿನ್ ಎಲೆಕ್ಟ್ರಾನುಗಳನ್ನು ಬೇಗ ಹಿಡಿಯುತ್ತದೆ. ಜೇಮ್ಸ್ ಲವ್‌ಲಾಕ್ 1957ರಲ್ಲಿ ರೂಪಿಸಿದ ಎಲೆಕ್ಟ್ರಾನ್ ಸೆರೆಯ ಪತ್ತೆಕಾರಿ ಇದರಿಂದಾಗುವ ವಿದ್ಯುತ್ ಇಳಿತವನ್ನು ಅಳೆಯುತ್ತದೆ. ಕಿಲೋಗ್ರಾಮಿನಲ್ಲಿ ಮಿಲಿಗ್ರಾಮಿನ ನೂರರಲ್ಲೊಂದು ಪಾಲಿದ್ದರೂ ಇದರ ಕಣ್ಣಿಗೆ ಬೀಳುತ್ತದೆ.

ನಕ್ಷೆಯನ್ನು ಓದುವುದು

ಹೊರಬಂದ ಪ್ರತಿ ವಸ್ತುವೂ ನಕ್ಷೆಯಲ್ಲಿ ಒಂದು ಶಿಖರವಾಗಿ ಮೂಡುತ್ತದೆ. ಶಿಖರ ಮೂಡಿದ ಸಮಯವು ವಸ್ತು ಯಾವುದೆಂಬುದನ್ನೂ, ಅದರ ವಿಸ್ತೀರ್ಣವು ಪ್ರಮಾಣವನ್ನೂ ಸೂಚಿಸುತ್ತದೆ. ಮಾರಾಟದ ಎಂಡೋಸಲ್ಫಾನಿನಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ರೂಪಗಳು ಸುಮಾರು 7:3ರ ಪ್ರಮಾಣದಲ್ಲಿದ್ದವು. ಮಣ್ಣಿನಲ್ಲಿ ಇವು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡುತ್ತವೆ. ಇದೂ ವಿಷವೇ, ಹೆಚ್ಚು ಕಾಲ ಉಳಿಯುವಂಥದು. ಆದ್ದರಿಂದ ಮೂರನ್ನೂ ಅಳೆದು ಕೂಡಿಸಬೇಕು.

ಉದಾಹರಣೆಗೆ, ಪ್ರತಿ ಮಿ.ಲೀ.ಗೆ 0.1 ಮೈಕ್ರೋಗ್ರಾಂ ಇರುವ ಪ್ರಮಾಣಿತ ದ್ರಾವಣದ ಶಿಖರಕ್ಕಿಂತ ನಮ್ಮ ಮಾದರಿಯ ಶಿಖರ ಕಾಲು ಭಾಗವಿದ್ದರೆ, ಸಾರದಲ್ಲಿ 0.025 ಮೈಕ್ರೋಗ್ರಾಂ ಇದೆಯೆಂದಾಯಿತು. 10 ಗ್ರಾಂ ಮಣ್ಣಿನಿಂದ 5 ಮಿ.ಲೀ. ಸಾರ ತೆಗೆದಿದ್ದರೆ ಒಟ್ಟು 0.125 ಮೈಕ್ರೋಗ್ರಾಂ, ಅಂದರೆ ಮಣ್ಣಿನಲ್ಲಿ 0.0125 ಪಿಪಿಎಂ.

ಯಂತ್ರದ ಮಿತಿಗಳು

ಒಂದೇ ಸಮಯಕ್ಕೆ ಎರಡು ವಸ್ತುಗಳು ಹೊರಬರುವುದುಂಟು. ಆದ್ದರಿಂದ ಬೇರೆ ಲೇಪದ ಕೊಳವೆಯಲ್ಲಿ ಅಥವಾ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ದೃಢಪಡಿಸದ ಫಲಿತಾಂಶವನ್ನು ಕೊನೆಯ ಮಾತೆಂದು ತಿಳಿಯಬಾರದು. ಆವಿಯಾಗದ ವಸ್ತುವನ್ನು ಈ ಯಂತ್ರ ಕಾಣದು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ತಾಮ್ರಕ್ಕೆ ಬೇರೆಯೇ ಉಪಕರಣ ಬೇಕು.

‘ಪತ್ತೆಯಾಗಿಲ್ಲ’ ಎಂದರೆ ‘ಇಲ್ಲವೇ ಇಲ್ಲ’ ಎಂದಲ್ಲ. ಯಂತ್ರದ ಪತ್ತೆ ಮಿತಿಗಿಂತ ಕಡಿಮೆ ಎಂದಷ್ಟೇ ಅರ್ಥ. ಇಂದಿನ ಮಣ್ಣಿನಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಅಂದು ಸಿಂಪಡಿಸಿರಲಿಲ್ಲವೆಂದೂ, ಯಾರಿಗೂ ತೊಂದರೆಯಾಗಿಲ್ಲವೆಂದೂ ಹೇಳಲಾಗದು. ಹಾಗೆಯೇ, ಮಣ್ಣಿನಲ್ಲಿ ಸಿಕ್ಕಿತೆಂಬ ಒಂದೇ ಕಾರಣದಿಂದ ಇಂಥವರ ರೋಗಕ್ಕೆ ಅದೇ ಮೂಲವೆಂದೂ ತೀರ್ಮಾನಿಸಲಾಗದು.

ಮಾದರಿ ಕಳಿಸುವವರಿಗೆ ಸೂಚನೆಗಳು

* ತೋಟದ 8-10 ಕಡೆ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು, ಬೆರೆಸಿ, ಅರ್ಧ ಕಿಲೋ ಉಳಿಸಿಕೊಳ್ಳಿರಿ.
* ಪ್ಲಾಸ್ಟಿಕ್ ಚೀಲ ಬೇಡ. ಅದರಿಂದ ಬಿಡುವ ವಸ್ತುಗಳೂ ನಕ್ಷೆಯಲ್ಲಿ ಶಿಖರ ಮೂಡಿಸಬಲ್ಲವು. ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಬಟ್ಟೆಯ ಚೀಲದಲ್ಲಿಡಿರಿ.
* ಬಾವಿಯ ನೀರನ್ನು ಶುದ್ಧವಾದ ಕಂದು ಗಾಜಿನ ಶೀಶೆಯಲ್ಲಿ ತುಂಬಿ, ಮಂಜುಗಡ್ಡೆಯಲ್ಲಿಟ್ಟು ಬೇಗನೆ ತಲುಪಿಸಿರಿ.
* ಔಷಧ ಮುಟ್ಟಿದ ಕೈಯಿಂದ ಮಾದರಿ ತೆಗೆಯಬೇಡಿರಿ.
* ಸಿಂಪಡಿಸಿದ ಔಷಧದ ಹೆಸರು, ತಾರೀಕು, ಸ್ಥಳವನ್ನು ಚೀಟಿಯಲ್ಲಿ ಬರೆಯಿರಿ. ಏನನ್ನು ಹುಡುಕಬೇಕೆಂದು ತಿಳಿಯದಿದ್ದರೆ ಪ್ರಯೋಗಾಲಯವು ಅದನ್ನು ಅಳೆಯದೆ ಬಿಡಬಹುದು.

ವರದಿ ಕೈಸೇರಿದಾಗ ಅಂಕಿಯೊಂದನ್ನೇ ನೋಡದೆ, ಪತ್ತೆ ಮಿತಿ ಎಷ್ಟು, ಮೂರೂ ರೂಪಗಳನ್ನು ಅಳೆದಿದ್ದಾರೆಯೇ, ದೃಢಪಡಿಸಿದ್ದಾರೆಯೇ ಎಂಬ ಮೂರು ಪ್ರಶ್ನೆಗಳನ್ನು ತಪ್ಪದೆ ಕೇಳಿರಿ.